ಎಂಬಿಬಿಎಸ್ ಮೊದಲ ವರ್ಷ: ‘ನಾಳೆ ಓದ್ತೀನಿ’ ಅನ್ನುವುದನ್ನು ಬಿಡುವುದು ಹೇಗೆ?

ನೀಟ್‌ಗೆ ಅಂತ ಬೆಳಗ್ಗೆಯಿಂದ ರಾತ್ರಿವರೆಗೆ ಕೂತು ಓದಿದ ಹುಡುಗ ಹುಡುಗಿಯರೇ ಮೆಡಿಕಲ್ ಕಾಲೇಜು ಸೇರಿದ ಸ್ವಲ್ಪ ದಿನಕ್ಕೆ ಪುಸ್ತಕ ಮುಟ್ಟುವುದನ್ನು ಮುಂದೂಡಲು ಶುರು ಮಾಡುತ್ತಾರೆ. ಹಾಸ್ಟೆಲ್ ಸೇರಿ ಸೋಮಾರಿ ಆದ ಅಂತ ಮನೆಯವರು ಬೇಜಾರು ಮಾಡಿಕೊಳ್ಳುತ್ತಾರೆ. ಆದರೆ ಸೋಮಾರಿಗಳಿಗೆ ಮೆಡಿಕಲ್ ಸೀಟು ಸಿಗುವುದಿಲ್ಲ, ಅಲ್ವಾ?

ಕೋಚಿಂಗ್‌ನಲ್ಲಿ ಇವತ್ತು ಯಾವ ಪಾಠ, ಭಾನುವಾರ ಯಾವ ಟೆಸ್ಟು ಅಂತ ಬೇರೆಯವರು ನಿಗದಿ ಮಾಡಿ ಕೊಡುತ್ತಿದ್ದರು. ಇಲ್ಲಿ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಮೂರೂ ಒಟ್ಟಿಗೆ ಬಂದು ಬೀಳುತ್ತವೆ, ಸಂಜೆವರೆಗೂ ಲೆಕ್ಚರ್, ಡಿಸೆಕ್ಷನ್ (ಶವ ಕತ್ತರಿಸಿ ಕಲಿಯುವುದು), ಪ್ರಾಕ್ಟಿಕಲ್ ಇರುತ್ತದೆ, ಥಿಯರಿಗೆ ಶೇ 75 ಮತ್ತು ಪ್ರಾಕ್ಟಿಕಲ್‌ಗೆ ಶೇ 80 ಹಾಜರಾತಿ ಬೇಕೇ ಬೇಕು, ಅದರ ಮೇಲೆ ರೆಕಾರ್ಡ್ ಬರೆಯಬೇಕು. ರಾತ್ರಿ ಮೆಸ್‌ನಿಂದ ವಾಪಸ್ ಬಂದರೆ ಎಲ್ಲಿಂದ ಶುರು ಮಾಡಬೇಕು ಅಂತ ಹೇಳುವವರಿಲ್ಲ. ದಪ್ಪ ಪುಸ್ತಕ ನೋಡಿದರೆ ಭಯ ಆಗುತ್ತದೆ. ಮೊಬೈಲ್ ತೆಗೆದರೆ ಆ ಕ್ಷಣಕ್ಕೆ ಭಯ ಹೋಗುತ್ತದೆ. ಮುಂದೂಡುವ ಅಭ್ಯಾಸದ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ ಕೆನಡಾದ ಮನಶ್ಶಾಸ್ತ್ರಜ್ಞ ಟಿಮ್ ಪಿಚಿಲ್ ಮತ್ತು ಅವರ ಜೊತೆಗಾರರು ಹೇಳುವುದೂ ಇದನ್ನೇ: ನಾವು ತಪ್ಪಿಸಿಕೊಳ್ಳುವುದು ಕೆಲಸದಿಂದ ಅನ್ನುವುದಕ್ಕಿಂತ, ಆ ಕೆಲಸ ನೆನೆದಾಗ ಆಗುವ ಸಂಕಟದಿಂದ. ಹಾಗಾಗಿ ಟೈಮ್‌ಟೇಬಲ್‌ಗೆ ಬಣ್ಣ ಹಚ್ಚುವುದರಿಂದ ಏನೂ ಆಗದು. ಆ ಸಂಕಟ ಕಡಿಮೆ ಆಗುವ ಹಾಗೆ ಕೆಲಸವನ್ನು ಕತ್ತರಿಸಿಕೊಳ್ಳಬೇಕು.

ಮೊದಲು, ಕೆಲಸಕ್ಕೆ ಒಂದು ಹೆಸರಿಡಿ

‘ಇವತ್ತು ಅನಾಟಮಿ ಓದಬೇಕು’ ಅಂತ ಬರೆದುಕೊಂಡರೆ ಓದು ಶುರುವಾಗುವುದೇ ಇಲ್ಲ, ಯಾಕೆಂದರೆ ಅದು ಮುಗಿಯುವ ಕೆಲಸ ಅಲ್ಲ. ‘ಕ್ಯೂಬಿಟಲ್ ಫೊಸಾ, ಒಂದು ಶಾರ್ಟ್ ಎಸ್ಸೇ, ಚಿತ್ರದ ಸಮೇತ’ ಅಂತ ಬರೆಯಿರಿ (ಕ್ಯೂಬಿಟಲ್ ಫೊಸಾ ಅಂದರೆ ಮೊಣಕೈ ಮುಂದಿನ ತ್ರಿಕೋನದ ಗುಳಿ). ಇದನ್ನು ರಾತ್ರಿ ಅಲ್ಲ, ಮಧ್ಯಾಹ್ನ ಕ್ಲಾಸಿನಿಂದ ಏಳುವ ಮೊದಲೇ ನೋಟ್ಸಿನ ಕೊನೆಯಲ್ಲಿ ಬರೆದಿಡಿ. ರಾತ್ರಿ ಸುಸ್ತಾಗಿರುವಾಗ ಏನು ಓದಲಿ ಅಂತ ಯೋಚಿಸುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ.

ಜೊತೆಗೆ ಎಲ್ಲಿ, ಯಾವಾಗ ಅನ್ನುವುದನ್ನೂ ಸೇರಿಸಿ: ‘ಊಟ ಮುಗಿದ ಕೂಡಲೇ ರೂಮಿಗೆ ಹೋಗದೆ ಸೀದಾ ರೀಡಿಂಗ್ ರೂಮಿಗೆ ಹೋಗಿ ಇದನ್ನು ಬರೆಯುತ್ತೇನೆ.’ ಹೀಗೆ ಒಂದು ಘಟನೆಗೆ ಇನ್ನೊಂದನ್ನು ಗಂಟು ಹಾಕಿದರೆ ಮಾಡುವ ಸಾಧ್ಯತೆ ಜಾಸ್ತಿ ಅಂತ ಪೀಟರ್ ಗೋಲ್‌ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞ 1990ರ ದಶಕದಲ್ಲೇ ತೋರಿಸಿಕೊಟ್ಟಿದ್ದಾರೆ. ‘ಊಟ ಆದ ಮೇಲೆ ಸ್ವಲ್ಪ ಮಲಗಿ ಎದ್ದು ಓದುತ್ತೇನೆ’ ಅಂದುಕೊಂಡವರ ಕಥೆ ಎಲ್ಲ ಹಾಸ್ಟೆಲ್‌ಗಳಲ್ಲೂ ಒಂದೇ.

ಎರಡನೆಯದು, ಖಾಲಿ ಹಾಳೆ

ಇದೇ ಎಲ್ಲಕ್ಕಿಂತ ಮುಖ್ಯ. ನಮ್ಮಲ್ಲಿ ಓದುವುದು ಅಂದರೆ ಪುಸ್ತಕದ ಮೇಲೆ ಹಳದಿ ಹೈಲೈಟರ್ ಎಳೆಯುತ್ತಾ ಅದನ್ನೇ ಮತ್ತೆ ಮತ್ತೆ ಓದುವುದು ಅಂತಾಗಿದೆ. ಓದಿದಷ್ಟೂ ಪರಿಚಿತ ಅನಿಸುತ್ತದೆ, ಪರಿಚಿತ ಅನಿಸಿದ್ದನ್ನು ಗೊತ್ತು ಅಂದುಕೊಳ್ಳುತ್ತೇವೆ, ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಮೇಡಂ ಕೇಳಿದಾಗ ಬಾಯಿಗೆ ಬರುವುದಿಲ್ಲ.

ಹೀಗೆ ಮಾಡಿ. ಕ್ಯೂಬಿಟಲ್ ಫೊಸಾವನ್ನೇ ತೆಗೆದುಕೊಳ್ಳಿ. ಹತ್ತು ಹದಿನೈದು ನಿಮಿಷ ಓದಿ ಪುಸ್ತಕ ಮುಚ್ಚಿ. ಬಿಳಿ ಹಾಳೆಯಲ್ಲಿ ತ್ರಿಕೋನ ಎಳೆಯಿರಿ. ಮೇಲಿನ ಗೆರೆ ಹ್ಯೂಮರಸ್‌ನ (ತೋಳಿನ ಮೂಳೆಯ) ಕೆಳತುದಿಯ ಎರಡು ಉಬ್ಬುಗಳನ್ನು, ಅಂದರೆ ಎಪಿಕಾಂಡೈಲ್‌ಗಳನ್ನು, ಸೇರಿಸುವ ಕಲ್ಪಿತ ಗೆರೆ. ಒಳಬದಿಯಲ್ಲಿ ಪ್ರೊನೇಟರ್ ಟೆರೀಸ್, ಹೊರಬದಿಯಲ್ಲಿ ಬ್ರೇಕಿಯೋರೇಡಿಯಾಲಿಸ್, ತಳದಲ್ಲಿ ಬ್ರೇಕಿಯಾಲಿಸ್ ಮತ್ತು ಸುಪೈನೇಟರ್, ಇವೆಲ್ಲ ಸ್ನಾಯುಗಳು. ಒಳಗೆ ಏನೇನಿದೆ? ಹೊರಗಿನಿಂದ ಒಳಕ್ಕೆ ರೇಡಿಯಲ್ ನರ್ವ್, ಬೈಸೆಪ್ಸ್‌ನ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ), ಬ್ರೇಕಿಯಲ್ ಆರ್ಟರಿ (ತೋಳಿನ ಅಪಧಮನಿ), ಮೀಡಿಯನ್ ನರ್ವ್. ನೆನಪಿಗೆ ಬಾರದ ಜಾಗ ಖಾಲಿ ಬಿಡಿ. ಆ ಖಾಲಿ ಜಾಗ ನೋಡಿದರೆ ಕಸಿವಿಸಿ ಆಗುತ್ತದೆ, ಆಗಲಿ. ಒಂದೆರಡು ನಿಮಿಷ ತಿಣುಕಿದ ಮೇಲೆಯೇ ಪುಸ್ತಕ ತೆರೆಯಿರಿ, ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ತುಂಬಿಸಿ. ನಾಳೆ ಓದಬೇಕಾದದ್ದು ಆ ಕೆಂಪು ಅಕ್ಷರಗಳನ್ನು ಮಾತ್ರ.

ಆಮೇಲೆ ನಿಮ್ಮದೇ ತೋಳು ಇದೆಯಲ್ಲ, ಅಂಗೈ ಮೇಲೆ ಮಾಡಿ ಮೊಣಕೈ ಸ್ವಲ್ಪ ಮಡಚಿ, ಬೈಸೆಪ್ಸ್ ಟೆಂಡನ್ ಗಟ್ಟಿಯಾಗಿ ಸಿಗುತ್ತದೆ, ಅದರ ಒಳಬದಿಗೆ ಬೆರಳಿಟ್ಟರೆ ಬ್ರೇಕಿಯಲ್ ಆರ್ಟರಿಯ ಬಡಿತ ಗೊತ್ತಾಗುತ್ತದೆ. ಬಿಪಿ ನೋಡುವಾಗ ಸ್ಟೆತಸ್ಕೋಪ್ ಇಡುವುದು ಅಲ್ಲೇ. ರಕ್ತ ತೆಗೆಯುವ ಮೀಡಿಯನ್ ಕ್ಯೂಬಿಟಲ್ ವೇನ್‌ಗೂ ಅದರ ಕೆಳಗಿನ ಆರ್ಟರಿಗೂ ನಡುವೆ ಬೈಸಿಪಿಟಲ್ ಅಪೋನ್ಯೂರೋಸಿಸ್ ಎಂಬ ಪರದೆ ಇದೆ, ಸೂಜಿ ಆಳಕ್ಕೆ ಹೋಗದಂತೆ ಅದು ಕಾಯುತ್ತದೆ. ಮಕ್ಕಳು ಬಿದ್ದು ಮೊಣಕೈ ಮೇಲೆ ಮೂಳೆ ಮುರಿದುಕೊಂಡರೆ ಡಾಕ್ಟರ್ ಮೊದಲು ಮಣಿಕಟ್ಟಿನ ನಾಡಿ ಹಿಡಿದು ನೋಡುವುದೂ ಇದೇ ಆರ್ಟರಿಗೆ ಪೆಟ್ಟಾಗಿದೆಯಾ ಅಂತ ತಿಳಿಯಲು. ಇಷ್ಟು ಗೊತ್ತಾದ ಮೇಲೆ ಆ ನಾಲ್ಕು ಹೆಸರು ಮರೆಯುವುದು ಕಷ್ಟ.

ಈ ಕೊನೆಯ ಭಾಗವನ್ನು ಕನ್ನಡದಲ್ಲೇ ಹೇಳಿಕೊಳ್ಳಿ, ಪಕ್ಕದವರಿಗೋ ಗೋಡೆಗೋ. ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷ್ ಪುಸ್ತಕದ ಮುಂದೆ ಕುಗ್ಗಿ ಓದನ್ನು ಮುಂದೂಡುವುದು ತುಂಬಾ ಇದೆ. ಹೆಸರುಗಳು ಇಂಗ್ಲಿಷಿನಲ್ಲೇ ಇರಲಿ, ಯಾಕೆ ಹೇಗೆ ಅನ್ನುವುದು ಕನ್ನಡದಲ್ಲಿ ಬರಲಿ. ನಾಳೆ ವಾರ್ಡಿನಲ್ಲಿ ರೋಗಿಯ ಅಮ್ಮನಿಗೆ ಹೇಳಬೇಕಾದದ್ದೂ ಕನ್ನಡದಲ್ಲೇ.

ಖಾಲಿ ಹಾಳೆಗೆ ಆಧಾರವೂ ಇದೆ. 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕ್ ಕೆಲವು ವಿದ್ಯಾರ್ಥಿಗಳಿಗೆ ಒಂದು ಪಾಠವನ್ನು ಮತ್ತೆ ಮತ್ತೆ ಓದಿಸಿದರು, ಇನ್ನು ಕೆಲವರಿಗೆ ಓದಿದ್ದನ್ನು ನೆನಪಿನಿಂದ ಬರೆಯಲು ಹೇಳಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ವಾರದ ನಂತರ ಕೇಳಿದಾಗ ಬರೆದವರಿಗೆ ಹೆಚ್ಚು ನೆನಪಿತ್ತು. ಪರೀಕ್ಷೆ ಐದು ನಿಮಿಷದಲ್ಲಿ ಬರುವುದಿಲ್ಲವಲ್ಲ.

ಮೂರನೆಯದು, ತಾರೀಕು

ಹಾಳೆಯ ಮೂಲೆಯಲ್ಲಿ ಅದನ್ನು ಮತ್ತೆ ನೋಡಬೇಕಾದ ತಾರೀಕುಗಳನ್ನು ಅವತ್ತೇ ಬರೆದಿಡಿ: ನಾಳೆ, ನಾಲ್ಕು ದಿನದ ನಂತರ, ಎರಡು ವಾರದ ನಂತರ. ಓದಿದ ಹೊಸದರಲ್ಲೇ ಮರೆವು ಜೋರಾಗಿರುತ್ತದೆ ಅನ್ನುವುದನ್ನು ಜರ್ಮನಿಯ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿ ಬರೆದಿಟ್ಟಿದ್ದಾನೆ. ಈ ಲೆಕ್ಕವನ್ನು ಆ್ಯಂಕಿ ಎಂಬ ಆ್ಯಪ್ ತಾನೇ ಇಡುತ್ತದೆ, ಒಳ್ಳೆಯದೇ. ಆದರೆ ಸೀನಿಯರ್ ಕೊಟ್ಟ ಸಾವಿರಾರು ಪ್ರಶ್ನೋತ್ತರದ ಕಾರ್ಡುಗಳನ್ನು ಒಂದೇ ಸಲ ಹಾಕಿಕೊಂಡರೆ ಅದೂ ಇನ್ನೊಂದು ದಪ್ಪ ಪುಸ್ತಕವಾಗಿ ಹೆದರಿಸುತ್ತದೆ. ಅವತ್ತಿನ ಕ್ಲಾಸಿನದ್ದು ಹತ್ತು ಕಾರ್ಡು ಸಾಕು, ನೀವೇ ಮಾಡಿದ್ದು.

ಮೊಬೈಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೈಲೆಂಟ್ ಮಾಡಿದರೆ ಸಾಲದು, ರೂಮಿನಲ್ಲಿ ಬಿಟ್ಟು ಬನ್ನಿ. ಇಪ್ಪತ್ತೈದು ನಿಮಿಷ ಓದು, ಐದು ನಿಮಿಷ ಓಡಾಟ, ಅದಕ್ಕೆ ಕೈಗಡಿಯಾರ ಇದ್ದರೆ ಆಯಿತು.

ಬಾಕಿ ಗುಡ್ಡೆಯಾದಾಗ

ಹಬ್ಬಕ್ಕೆ ಊರಿಗೆ ಹೋಗಿ ಬಂದಿರಿ, ಜ್ವರ ಬಂತು, ಅಥವಾ ಸುಮ್ನೆ ಎರಡು ವಾರ ಏನೂ ಓದಲಿಲ್ಲ. ಆಗ ಎಲ್ಲರೂ ಮಾಡುವುದು ಏನೆಂದರೆ, ಬಿಟ್ಟ ಜಾಗದಿಂದ ಶುರು ಮಾಡಿ ಕ್ಲಾಸನ್ನು ಹಿಡಿಯಲು ನೋಡುವುದು. ಆಗುವುದಿಲ್ಲ, ಕ್ಲಾಸ್ ದಿನವೂ ಮುಂದೆ ಹೋಗುತ್ತಿರುತ್ತದೆ. ಇವತ್ತಿನ ಕ್ಲಾಸಿನದ್ದನ್ನು ಇವತ್ತೇ ಮಾಡಿ. ಹಳೆಯದಕ್ಕೆ ದಿನಕ್ಕೆ ಒಂದು ಗಂಟೆ ಬೇರೆ ಇಡಿ, ಅದರಲ್ಲೂ ವಿಶ್ವವಿದ್ಯಾಲಯದ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ಮುಂದಿಟ್ಟುಕೊಂಡು, ಪದೇ ಪದೇ ಬಂದಿರುವ ಲಾಂಗ್ ಎಸ್ಸೇಗಳನ್ನು ಮೊದಲು ಹಿಡಿಯಿರಿ.

ನಿಮ್ಮನ್ನು ನೀವು ಬೈದುಕೊಳ್ಳುವುದನ್ನೂ ನಿಲ್ಲಿಸಿ. ಪಿಚಿಲ್ ಮತ್ತು ಜೊತೆಗಾರರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದು ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದ್ದರು. ತಂದೆ ತಾಯಂದಿರೂ ಇದನ್ನು ಗಮನಿಸಬೇಕು. ಫೋನಿನಲ್ಲಿ ‘ಎಷ್ಟು ಗಂಟೆ ಓದಿದೆ?’ ಅಂತ ಕೇಳಬೇಡಿ, ‘ಇವತ್ತು ಏನು ಹೊಸದು ನೋಡಿದೆ?’ ಅಂತ ಕೇಳಿ.

ನಿದ್ದೆ ಬಿಟ್ಟು ಓದಬೇಡಿ. ಓದಿದ್ದು ಗಟ್ಟಿಯಾಗುವುದೇ ನಿದ್ದೆಯಲ್ಲಿ. ಇಂಟರ್ನಲ್ಸ್ (ಕಾಲೇಜಿನ ಆಂತರಿಕ ಪರೀಕ್ಷೆ) ಹಿಂದಿನ ರಾತ್ರಿ ಬೆಳಗಿನ ಜಾವದವರೆಗೆ ಕೂತವರು ಸ್ಪಾಟರ್ (ನೋಡಿ ಗುರುತಿಸಬೇಕಾದ ಮಾದರಿ) ಮುಂದೆ ನಿಂತು ಕಣ್ಣು ಉಜ್ಜಿಕೊಳ್ಳುತ್ತಾರೆ.

ಇಷ್ಟೆಲ್ಲ ಮಾಡಿದರೂ ಎರಡು ವಾರ ಮೀರಿ ಮನಸ್ಸು ಮಂಕಾಗಿದ್ದರೆ, ಊಟ ಸೇರದಿದ್ದರೆ, ನಿದ್ದೆ ಬಾರದಿದ್ದರೆ, ಇಷ್ಟದ ಕೆಲಸವೂ ಬೇಡ ಅನಿಸಿದರೆ ಅದು ಓದಿನ ಅಭ್ಯಾಸದ ವಿಷಯ ಅಲ್ಲ. ಕಾಲೇಜಿನ ಮೆಂಟರ್ ಹತ್ತಿರವೋ ಸೈಕಿಯಾಟ್ರಿ ವಿಭಾಗಕ್ಕೋ ಹೋಗಿ ಮಾತಾಡಿ. ಕಾಲೇಜಿನಲ್ಲಿ ಗೊತ್ತಾಗುವುದು ಬೇಡ ಅನಿಸಿದರೆ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.