ಫಾರಂ ಮೊದಲು, ಡಾಕ್ಟರ್ ಆಮೇಲೆ

ಸ್ತನ ಕ್ಯಾನ್ಸರ್ ಮೂಳೆಗೋ ಲಿವರಿಗೋ ಹರಡಿದವರ ಟ್ರಯಲ್‌ನಲ್ಲಿ (ಔಷಧ ಪ್ರಯೋಗದಲ್ಲಿ) ಕ್ವಾಲಿಟಿ ಆಫ್ ಲೈಫ್ ಫಾರಂ, ಅಂದರೆ ನೋವು, ನಿದ್ದೆ, ದಿನನಿತ್ಯದ ಬದುಕು ಹೇಗಿದೆ ಅಂತ ಪೇಷೆಂಟನ್ನೇ ಕೇಳುವ ಫಾರಂ, ಕೊನೆಯವರೆಗೂ ತುಂಬಿಸುವುದು ಆಗದ ಮಾತು ಅಂತ ನಮ್ಮಲ್ಲಿ ಎಲ್ಲರೂ ಕೈಬಿಟ್ಟಿದ್ದರು. ಆರನೇ ಸೈಕಲ್ (ಚಿಕಿತ್ಸೆಯ ಸುತ್ತು) ಹೊತ್ತಿಗೆ ಹೆಚ್ಚುಕಮ್ಮಿ ಅರ್ಧ ಫಾರಂ ಬರುತ್ತಿರಲಿಲ್ಲ. ಈಗ ಹತ್ತರಲ್ಲಿ ಒಂಬತ್ತು ಬರುತ್ತವೆ. ಮಾಡಿ ತೋರಿಸಿದ್ದೇನೆ.

ಫಾರಂ ಎಲ್ಲ ಕಡೆ ಬಳಸುವುದೇ: ಎಲ್ಲ ಕ್ಯಾನ್ಸರಿಗೂ ಆಗುವ ಕ್ಯೂಎಲ್‌ಕ್ಯೂ-ಸಿ30, ಜೊತೆಗೆ ಸ್ತನ ಕ್ಯಾನ್ಸರಿಗೆ ಅಂತಲೇ ಇರುವ ಬಿಆರ್23. ಮೊದಲೆಲ್ಲ ಪೇಷೆಂಟ್ ಸ್ಕ್ಯಾನ್ ರಿಪೋರ್ಟ್ ಕೇಳಿ ಹೊರಗೆ ಬಂದ ಮೇಲೆ ಕೈಗೆ ಕೊಡುತ್ತಿದ್ದರು. ಗಡ್ಡೆ ಬೆಳೆದಿದೆ ಅಂತ ಆಗಷ್ಟೇ ಕೇಳಿದವರು ಕಳೆದ ವಾರದ ನಿದ್ದೆಯ ಬಗ್ಗೆ ಏನು ಬರೆದಾರು? ಈಗ ರಕ್ತ ಕೊಟ್ಟ ತಕ್ಷಣ ಫಾರಂ. ಡಾಕ್ಟರ್ ಆಮೇಲೆ.

ಮನೆಯವರದ್ದು ಇನ್ನೂ ದೊಡ್ಡ ಕಷ್ಟ. ಒಬ್ಬ ಅಮ್ಮನ ಪಕ್ಕ ಕೂತ ಮಗ ನೋವಿನ ಪ್ರಶ್ನೆಗೆ ತಾನೇ 1ಕ್ಕೆ (ಸ್ವಲ್ಪವೂ ಇಲ್ಲ) ಸುತ್ತು ಹಾಕಿದ. ಆತ ಕಾಫಿಗೆ ಎದ್ದುಹೋದಾಗ ಅವರು, ‘ರಾತ್ರಿಯೆಲ್ಲ ಸೊಂಟ ಹಿಡ್ಕೊಂಡೇ ಕೂತಿರ್ತೀನಿ ಕಣಮ್ಮಾ, ಅವನಿಗೆ ಹೇಳ್ಬೇಡ’ ಅಂದರು. ಮಗ ಹಾಕಿದ್ದನ್ನು ಹೊಡೆದುಹಾಕಿ 4ಕ್ಕೆ (ತುಂಬಾ ಇದೆ) ಸುತ್ತು ಹಾಕಿದರು. ಬಿಆರ್23ರ ಲೈಂಗಿಕ ಜೀವನದ ಪ್ರಶ್ನೆಗಳಂತೂ ಮಗ ಪಕ್ಕದಲ್ಲಿದ್ದರೆ ಖಾಲಿಯೇ. ಅದಕ್ಕೇ ಪರದೆ ಹಾಕಿದ ಮೂಲೆ, ಒಂದೇ ಕುರ್ಚಿ. ಓದಲು ಬಾರದವರಿಗೆ ಪ್ರಶ್ನೆ ಇದ್ದ ಹಾಗೇ ಓದುತ್ತೇನೆ, ವಿವರಣೆ ಕೊಡುವುದಿಲ್ಲ. ಶುರುವಿನಲ್ಲಿ ಏನು ಮಾತಾಡಿದರೆ ಅವರು ಬಿಚ್ಚಿಕೊಳ್ಳುತ್ತಾರೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಬಂದು ಪಕ್ಕದಲ್ಲಿ ಕೂತು ನೋಡಿ.

ದುಡ್ಡು ಹೋಗಿದ್ದು ಫಾರಂ ಸ್ಕ್ರೀನ್ ಮೇಲೆ ತುಂಬಿಸಲು ತಂದ ಟ್ಯಾಬ್ಲೆಟ್ ಕಂಪ್ಯೂಟರ್‌ಗೆ. ಎರಡಕ್ಕೆ ಮೂವತ್ತು ಸಾವಿರದ ಹತ್ತಿರ. ಕ್ಯಾಪೆಸಿಟಬಿನ್ ಅನ್ನುವ ಕೀಮೋ ಮಾತ್ರೆ ತಗೊಳ್ಳುವ ಎಷ್ಟೋ ಜನರ ಬೆರಳ ತುದಿ ಸುಲಿದಿರುತ್ತದೆ, ಸ್ಕ್ರೀನ್ ಒತ್ತುವುದೇ ಹಿಂಸೆ. ಎರಡೂ ಬೀರು ಸೇರಿದವು. ಕೆಲಸಕ್ಕೆ ಬಂದಿದ್ದು ಫೋನ್: ಆಸ್ಪತ್ರೆಗೆ ಬರದವರಿಗೆ ಅದೇ ದಿನ ಕರೆ ಮಾಡಿ ಫಾರಂ ತುಂಬಿಸುವುದು, ತಿಂಗಳಿಗೆ ಕೆಲವು ನೂರು ರೂಪಾಯಿ ರೀಚಾರ್ಜ್. ಎಥಿಕ್ಸ್ ಕಮಿಟಿಯ ಒಪ್ಪಿಗೆ ಮಾತ್ರ ಮೊದಲೇ ತಗೊಳ್ಳಿ.

ನಡುವೆ ಸುಮ್ನೆ ಕುತೂಹಲಕ್ಕೆ 10 ಸೆಂಟಿಮೀಟರ್ ಗೆರೆಯನ್ನೂ ಕೊಟ್ಟು ನೋಡಿದೆ: ಒಂದು ತುದಿ ಚೆನ್ನಾಗಿದೆ, ಇನ್ನೊಂದು ತುದಿ ತೀರಾ ಕಷ್ಟ, ನಡುವೆ ತಮಗೆ ಅನಿಸಿದಲ್ಲಿ ಗುರುತು ಹಾಕಬೇಕು. ಜಾಸ್ತಿ ಜನ ನಟ್ಟನಡುವೆಯೇ ಗುರುತು ಹಾಕಿದರು. ಗೆರೆಯನ್ನು ಅಡ್ಡ ಬಿಟ್ಟು ಮೇಲಿಂದ ಕೆಳಕ್ಕೆ ಬರೆದಾಗ ಸ್ವಲ್ಪ ವಾಸಿ. ಆದರೂ ಗೆರೆಯನ್ನು ಹಗುರವಾಗಿ ನೋಡಬೇಡಿ. 1987ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾ–ನ್ಯೂಜಿಲೆಂಡ್ ಟ್ರಯಲ್‌ನಲ್ಲಿ ಇಂಥ ಗೆರೆಗಳನ್ನೇ ಬಳಸಿದ್ದರು. ಕೀಮೋ ನಡುವೆ ಬಿಡುವು ಕೊಟ್ಟರೆ ಆರಾಮ ಅನಿಸುತ್ತೆ ಅಲ್ವಾ? ಬಿಡದೆ ಕೊಟ್ಟವರ ಬದುಕೇ ವಾಸಿ ಇತ್ತು ಅಂತ ಆ ಗುರುತುಗಳು ಹೇಳಿದವು.

ನಮ್ಮ ಸ್ಟ್ಯಾಟಿಸ್ಟಿಕ್ಸ್‌ನವರು ಫೋನ್ ಫಾರಂ ನಂಬಲೇ ಇಲ್ಲ. ಜಾಸ್ತಿ ಹುಷಾರಿಲ್ಲದವರೇ ಬರುವುದಿಲ್ಲ, ಅವರನ್ನು ಬಿಟ್ಟರೆ ಸರಾಸರಿ ಚೆನ್ನಾಗಿಯೇ ಕಾಣುತ್ತದೆ ಅಂತ ಎಷ್ಟು ಸಲ ಹೇಳಿದೆನೋ. ಕೊನೆಗೆ ಅವರೇ ಫೋನ್ ಫಾರಂಗಳನ್ನೂ ಲೆಕ್ಕಕ್ಕೆ ಸೇರಿಸಿ ನೋಡಿದರು. ಏರದೆ ಚಪ್ಪಟೆಯಾಗಿದ್ದ ನೋವಿನ ಅಂಕ (ಜಾಸ್ತಿ ಅಂದರೆ ಜಾಸ್ತಿ ನೋವು) 100ಕ್ಕೆ ಸುಮಾರು 10 ಮೇಲೆ ಹೋಯಿತು. ಅಷ್ಟು ಬದಲಾವಣೆಯನ್ನು ಪೇಷೆಂಟ್‌ಗಳೇ ಗುರುತಿಸುತ್ತಾರೆ. ಮುಂದಿನ ಟ್ರಯಲ್‌ನ ಬಜೆಟ್‌ನಲ್ಲಿ ಫೋನ್ ಖರ್ಚಿಗೆ ಬೇರೆ ಸಾಲನ್ನೇ ಹಾಕಿಸಿದ್ದೇನೆ.