ಮೊದಲು ಹಳೇ ಕಥೆ, ಆಮೇಲೆ ಪರ್ಸಿ

ಅಕ್ಕನ ಮಗಳಿಗೆ ನಾನು ಪರ್ಸಿ ಜಾಕ್ಸನ್ ಸರಣಿಯ ಮೊದಲ ಪುಸ್ತಕ 'ದಿ ಲೈಟ್ನಿಂಗ್ ಥೀಫ್' ಓದಿ ಹೇಳಿದೆ. ನಾವಿರುವುದು ಹಾಸನದಲ್ಲಿ. ಅವಳು ಕನ್ನಡ ಮೀಡಿಯಂ, ಆರನೇ ಕ್ಲಾಸು. ರಾತ್ರಿ ಊಟ ಆದಮೇಲೆ ಒಂದೊಂದು ಪುಟ ಮನಸ್ಸಲ್ಲೇ ಓದಿಕೊಂಡು ಕನ್ನಡದಲ್ಲಿ ಹೇಳುತ್ತಾ ಹೋಗುತ್ತಿದ್ದೆ. ನ್ಯೂಯಾರ್ಕಿನ ಶಾಲೆಯ ತಮಾಷೆಗಳನ್ನು ಸುಮ್ನೆ ದಾಟಿಸಿಬಿಟ್ಟೆ. ಕಥೆಗೆ ಏನೂ ಕಮ್ಮಿಯಾಗಲಿಲ್ಲ.

ರಿಕ್ ರಿಯೊರ್ಡನ್ ಅವರ ಈ ಪುಸ್ತಕ ಬಂದಿದ್ದು 2005ರಲ್ಲಿ. ಗ್ರೀಕ್ ದೇವತೆಗಳು ಸತ್ತಿಲ್ಲ, ಇವತ್ತಿನ ಅಮೆರಿಕದಲ್ಲಿದ್ದಾರೆ. ಅವರ ಮನೆ ಒಲಿಂಪಸ್ ಇರುವುದು ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ 600ನೇ ಮಹಡಿಯಲ್ಲಿ! ಪರ್ಸಿಗೆ 12 ವರ್ಷ, ಸಮುದ್ರದೇವ ಪೊಸೈಡನ್ ಮಗ. ದೇವತೆಗಳ ರಾಜ ಜ್ಯೂಸ್‌ನ ಸಿಡಿಲಾಯುಧ ಕಳುವಾಗಿದೆ, ಅಪವಾದ ಇವನ ತಲೆ ಮೇಲೆ. ಅದನ್ನು ಹುಡುಕಿಕೊಂಡು ಹೊರಟರೆ ದಾರಿಯಲ್ಲಿ ಸಿಗುವವರಲ್ಲಿ ಎಷ್ಟೋ ಜನ ವೇಷ ಮರೆಸಿಕೊಂಡ ಹಳೇ ರಾಕ್ಷಸರು.

ಮಜಾ ಇರುವುದೇ ಇಲ್ಲಿ. ಆದರೆ ಗ್ರೀಕ್ ಕಥೆ ಗೊತ್ತಿಲ್ಲದಿದ್ದರೆ ಅದರಲ್ಲಿ ಅರ್ಧ ಕೈತಪ್ಪುತ್ತದೆ. ನಮ್ಮ ಕಡೆ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡುತ್ತಾರಲ್ವಾ, ದುರ್ಯೋಧನನ ತೊಡೆ ಮುರಿಯುತ್ತದೆ ಅಂತ ಕೂತವರಿಗೆಲ್ಲ ಗೊತ್ತು. ಗೊತ್ತಿರುವುದಕ್ಕೇ ಬೆಳಗಿನ ಜಾವದವರೆಗೂ ಕಾಯುತ್ತಾರೆ. ನನ್ನ ಹುಡುಗಿಗೂ ಆ ಕಾಯುವ ಸುಖ ಸಿಗಬೇಕಿತ್ತು.

ಅದಕ್ಕೆ ಒಂದು ಅಭ್ಯಾಸ ಮಾಡಿಕೊಂಡೆ. ಮುಂದೆ ಬರುವ ಅಧ್ಯಾಯದ ಮೂಲ ಕಥೆಯನ್ನು ಕೆಲವು ದಿನ ಮೊದಲೇ ಹೇಳಿಬಿಡುವುದು. ಪುಸ್ತಕಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಮಾತ್ರ ಬಾಯಿ ಬಿಡಬಾರದು. ಹಗಲು ಹೊತ್ತು, ಕೈಯಲ್ಲಿ ಬೇರೆ ಕೆಲಸ ಇರುವಾಗ ಹೇಳಿದರೆ ಒಳ್ಳೆಯದು. ಮೆಡೂಸಾ ಕಥೆ ಹೇಳಿದ್ದು ಅವರೆಕಾಯಿ ಸುಲಿಯುತ್ತಾ. ತಲೆ ತುಂಬಾ ಹಾವು, ಮುಖ ನೋಡಿದವರು ಕಲ್ಲಾಗುತ್ತಾರೆ, ಪರ್ಸಿಯಸ್ ಅನ್ನೋ ವೀರ ಗುರಾಣಿಯಲ್ಲಿ ಪ್ರತಿಬಿಂಬ ನೋಡಿಕೊಂಡು ಅವಳ ತಲೆ ಕತ್ತರಿಸಿದ. ಅಷ್ಟೇ ಹೇಳಿ ನಿಲ್ಲಿಸಿದೆ.

ಆಮೇಲೆ ಆ ಅಧ್ಯಾಯ ಬಂತು. ದಾರಿ ಬದಿ ಒಂದು ಅಂಗಡಿ, ಸುತ್ತಲೂ ಕಲ್ಲಿನ ಗೊಂಬೆಗಳು. ಮುಖಕ್ಕೆ ಪರದೆ ಹಾಕಿಕೊಂಡ ಹೆಂಗಸು ಹಸಿದ ಮಕ್ಕಳನ್ನು ಕರೆದು ಊಟ ಹಾಕುತ್ತಾಳೆ. ಫೋಟೋ ತೆಗೀತೀನಿ, ನಿಂತ್ಕೊಳ್ಳಿ ಅಂತಾಳೆ. ಪರ್ಸಿಗೆ ಇನ್ನೂ ಅನುಮಾನವೇ ಇಲ್ಲ. ನಮ್ಮವಳು ಎದ್ದು ಕೂತಳು. "ಚಿಕ್ಕಮ್ಮ, ನೋಡ್ಬೇಡ ಅಂತ ಹೇಳು ಅವ್ನಿಗೆ!" ಆ ಒಂದು ಕೂಗಿಗಾಗಿ ನಾನು ಎಷ್ಟು ಕಥೆ ಬೇಕಾದರೂ ಹೇಳುತ್ತೇನೆ.

ಗ್ರೀಕ್ ವೀರ ಒಡಿಸ್ಸಿಯಸ್‌ನ ನಾವಿಕರು ಕಮಲ ತಿಂದು ಊರು ಮರೆತ ಕಥೆಯನ್ನೂ ಹೀಗೇ ಮೊದಲೇ ಹೇಳಿದ್ದೆ. ಪುಸ್ತಕದಲ್ಲಿ ಅದು ಲಾಸ್ ವೇಗಸ್‌ನ ಹೋಟೆಲು. ಒಳಗೆ ಸ್ವಲ್ಪ ಹೊತ್ತು ಆಡಿ ಹೊರಬಂದರೆ ಐದು ದಿನ ಕಳೆದುಹೋಗಿದೆ. ಅಲ್ಲಿರುವ ಒಬ್ಬ ಹುಡುಗನಿಗೆ ಇನ್ನೂ 1977ನೇ ಇಸವಿ!

ಗ್ರೀಕ್ ಕಥೆ ಶುರುವಾದ ಮೇಲೆ ನಮ್ಮ ಕಥೆಗಳು ತಾವಾಗಿ ಎದ್ದು ಬಂದವು. ಜ್ಯೂಸ್‌ನ ಅಪ್ಪ ಕ್ರೋನಸ್ ತನ್ನ ಮಕ್ಕಳನ್ನು ಹುಟ್ಟುತ್ತಲೇ ನುಂಗುತ್ತಿದ್ದ, ಜ್ಯೂಸ್‌ನನ್ನು ಬಚ್ಚಿಟ್ಟು ಸಾಕಿದರು ಅಂದಾಗ ಅವಳೇ "ಕಂಸ" ಅಂದಳು. ಹಳೇಬೀಡಿಗೆ ಹೋದಾಗ ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ಚಕ್ರವ್ಯೂಹದ ಕೆತ್ತನೆ ತೋರಿಸಿದೆ. ಗೂಳಿ ತಲೆಯ ರಾಕ್ಷಸ ಮಿನೋಟಾರ್ ಇದ್ದ ಸುತ್ತುಬಳಸಿನ ಕೋಟೆಗೆ ವೀರ ಥೀಸಿಯಸ್, ವಾಪಸ್ ಬರುವ ದಾರಿ ತಪ್ಪದಿರಲಿ ಅಂತ ದಾರ ಹಿಡಿದು ಹೋಗಿದ್ದು ಅವಳಿಗೆ ಗೊತ್ತಿತ್ತು. ಕೆತ್ತನೆಯನ್ನೇ ನೋಡುತ್ತಾ ನಿಂತು, "ಅಭಿಮನ್ಯುಗೂ ಯಾರಾದ್ರೂ ದಾರ ಕೊಡ್ಬೇಕಿತ್ತು" ಅಂದಳು. ಗುಡಿ ಕಟ್ಟಿ 900 ವರ್ಷ ಆಗುತ್ತಾ ಬಂತು. ಆ ಕಲ್ಲನ್ನು ನಾನು ಅವತ್ತಿನಷ್ಟು ಹತ್ತಿರದಿಂದ ನೋಡಿರಲೇ ಇಲ್ಲ.

ಇನ್ನೊಂದು ಹೇಳಲೇಬೇಕು. ಪರ್ಸಿಗೆ ಡಿಸ್ಲೆಕ್ಸಿಯಾ ಇದೆ, ಓದುವಾಗ ಅಕ್ಷರಗಳು ಕದಲುತ್ತವೆ. ರಿಯೊರ್ಡನ್ ಈ ಕಥೆ ಶುರು ಮಾಡಿದ್ದು ಇದೇ ತೊಂದರೆ ಇದ್ದ ತಮ್ಮ ಮಗನಿಗಾಗಿ. ನಮ್ಮ ಹುಡುಗಿಯೂ ನಿಧಾನವಾಗಿ ಓದುವವಳು. ಆ ಭಾಗವನ್ನು ಮತ್ತೆ ಹೇಳು ಅಂತ ಕೇಳಿಸಿಕೊಂಡಳು. ನಾನು ಬುದ್ಧಿಮಾತು ಏನೂ ಸೇರಿಸದೆ ಹೇಳಿದೆ.

ಈಗ ಎರಡನೇ ಪುಸ್ತಕ 'ದಿ ಸೀ ಆಫ್ ಮಾನ್‌ಸ್ಟರ್ಸ್' ತಂದಿಟ್ಟಿದ್ದೇನೆ. ಅದಕ್ಕೆ ಬೇಕಾದ ಕಥೆಗಳು ಒಂಟಿಕಣ್ಣಿನ ಪಾಲಿಫೀಮಸ್, ಗಂಡಸರನ್ನು ಹಂದಿ ಮಾಡುವ ಸರ್ಸಿ, ಹಾಡಿ ಕೊಲ್ಲುವ ಸೈರನ್‌ಗಳು. ಪಾಲಿಫೀಮಸ್‌ನದು ನಿನ್ನೆ ಮುಗಿಯಿತು. ಸರ್ಸಿ ಕಥೆ ಭಾನುವಾರ.