ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ: ಟಿಕೆಟ್ ಕೊಳ್ಳುವ ಮುನ್ನ ಓದಿ

ದೂರ

ಎರಡು ಊರುಗಳ ನಡುವಿನ ನೇರ ಅಂತರ ಸುಮಾರು 14,000 ಕಿಲೋಮೀಟರ್. ಗೋಡೆಯ ಭೂಪಟದ ಮೇಲೆ ಗೆರೆ ಎಳೆದು ಲೆಕ್ಕ ಹಾಕಬೇಡಿ. ಮಕ್ಕಳ ಭೂಗೋಳದ ಮೇಲೆ ದಾರ ಹಿಡಿದು ನೋಡಿ, ಅದು ಉತ್ತರ ಧ್ರುವದ ಸಮೀಪಕ್ಕೆ ಸರಿಯುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ತಡೆರಹಿತ ವಿಮಾನ ನಾವಿರುವ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು ಆ ದಾರಿಯಲ್ಲೇ ಬೆಂಗಳೂರು ಮುಟ್ಟಿತು. ನಡೆಸಿದ ಪೈಲಟ್‌ಗಳೆಲ್ಲ ಮಹಿಳೆಯರು. ಅಂಥ ವಿಮಾನ ಬಂದಿಳಿದದ್ದು ನಮ್ಮ ದೇವನಹಳ್ಳಿಯಲ್ಲಿ ಎಂಬುದನ್ನು ಇಲ್ಲಿನ ನಮ್ಮ ಸಂಘದ ಹಿರಿಯರು ಈಗಲೂ ಹೇಳದೆ ಬಿಡುವುದಿಲ್ಲ! ತಡೆರಹಿತ ಹಾರಾಟಕ್ಕೆ 16ರಿಂದ 17 ಗಂಟೆ ಹಿಡಿಯುತ್ತದೆ. ವೇಳಾಪಟ್ಟಿ ಆಗಾಗ ಬದಲಾಗುತ್ತದೆ, ನೀವು ಹೊರಡುವ ದಿನ ವಿಮಾನ ಇದೆಯೇ ಎಂದು ಮೊದಲು ವಿಚಾರಿಸಿ.

ಸುತ್ತುದಾರಿ

ಫ್ರಾಂಕ್‌ಫರ್ಟ್ ಮೂಲಕ: ಹಾರಾಟವೇ ಸುಮಾರು 21 ಗಂಟೆ.
ದುಬೈ ಮೂಲಕ: ಮೊದಲು 4 ಗಂಟೆ, ಆಮೇಲೆ ಸುಮಾರು 16 ಗಂಟೆ.
ನಡುವೆ ಕಾಯುವ ಹೊತ್ತನ್ನು ನೀವೇ ಕೂಡಿಸಿಕೊಳ್ಳಿ.

ಗಡಿಯಾರ

ಬೆಂಗಳೂರು ಇಲ್ಲಿಗಿಂತ ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಮುಂದಿದೆ. ಹಾಗಾಗಿ ಮಧ್ಯಾಹ್ನ ಅಲ್ಲಿ ಹೊರಟು ಅದೇ ದಿನ ಸಂಜೆ ಇಲ್ಲಿ ಇಳಿಯುವಂತೆ ಟಿಕೆಟ್‌ನಲ್ಲಿ ಕಾಣಬಹುದು. ಮೂರು ಗಂಟೆಯ ಪ್ರಯಾಣವೆಂದು ಹಿಗ್ಗಬೇಡಿ. ಮರಳುವಾಗ ಶನಿವಾರ ರಾತ್ರಿ ಹೊರಟರೆ ಇಳಿಯುವುದು ಸೋಮವಾರ ನಸುಕಿಗೆ. ಭಾನುವಾರದ ಗೃಹಪ್ರವೇಶಕ್ಕೆ ಹೋಗುತ್ತೇನೆಂದು ಮಾತು ಕೊಡುವ ಮುನ್ನ ಇದನ್ನು ನೆನಪಿಡಿ.

ನಡುವಿನ ನಿಲ್ದಾಣ

ಇದನ್ನು ಎರಡು ಸಲ ಓದಿ. ನ್ಯೂಯಾರ್ಕ್ ಅಥವಾ ಷಿಕಾಗೊ ಮೂಲಕ ಬರುವವರು ಅಮೆರಿಕದಲ್ಲಿ ಮೊದಲು ಇಳಿದ ನಿಲ್ದಾಣದಲ್ಲೇ ವಲಸೆ ತಪಾಸಣೆ ಮುಗಿಸಬೇಕು, ಪೆಟ್ಟಿಗೆಗಳನ್ನು ತಾವೇ ಎತ್ತಿಕೊಂಡು ಕಸ್ಟಮ್ಸ್ ದಾಟಿ ಮತ್ತೆ ಒಪ್ಪಿಸಬೇಕು. ಬೆಂಗಳೂರಿನಲ್ಲಿ ಕಟ್ಟಿದ ಚೀಟಿಯಲ್ಲಿ ಕೊನೆಯ ಊರಿನ ಹೆಸರಿದ್ದರೂ ಇದು ಸಾಮಾನ್ಯವಾಗಿ ತಪ್ಪುವುದಿಲ್ಲ. ಅಬುಧಾಬಿಯಂಥ ಕೆಲವೆಡೆ ಮಾತ್ರ ಅಮೆರಿಕದ ತಪಾಸಣೆ ಅಲ್ಲೇ ಮುಗಿಯುತ್ತದೆ. ಒಬ್ಬ ಏಜೆಂಟ್ ಅಗ್ಗದ ಆಸೆ ತೋರಿಸಿ ನನ್ನ ಅತ್ತೆ ಮಾವನವರಿಗೆ ಒಂದೂಕಾಲು ಗಂಟೆ ಅಂತರದ ಟಿಕೆಟ್ ಕೊಡಿಸಿದ್ದ. ವಲಸೆಯ ಸಾಲಿನಲ್ಲೇ ಮುಂದಿನ ವಿಮಾನ ಹೋಯಿತು. ಎರಡೂ ಬೇರೆ ಬೇರೆ ಟಿಕೆಟ್ ಆಗಿದ್ದರಿಂದ ಯಾರೂ ಹೊಣೆ ಹೊರಲಿಲ್ಲ, ಹೊಸ ಟಿಕೆಟ್‌ಗೆ ಮತ್ತೆ ದುಡ್ಡು ತೆತ್ತೆವು. ಇಡೀ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿರಲಿ. ನಡುವೆ ಮೂರು ಗಂಟೆಗೆ ಕಡಿಮೆಯಿದ್ದರೆ ಕೊಳ್ಳಬೇಡಿ, ಉಳಿತಾಯ ಎಷ್ಟೇ ಇರಲಿ. ಹಿರಿಯರಿಗೆ ಗಾಲಿಕುರ್ಚಿಯನ್ನು ಟಿಕೆಟ್ ಜೊತೆಗೇ ಕೇಳಿ. ನಾಚಿಕೆಪಡುವುದು ಅವರಲ್ಲ, ನೀವು.

ಸಾಮಾನು

ಹಸಿ ಕರಿಬೇವು, ಹಣ್ಣು, ಬೀಜ: ಬೇಡ.
ಸಾರಿನ ಪುಡಿ, ಚಟ್ನಿಪುಡಿ: ಕೈಚೀಲದಲ್ಲಿ ಬೇಡ, ದೊಡ್ಡ ಪೆಟ್ಟಿಗೆಗೆ.
ಔಷಧಿ: ವೈದ್ಯರ ಚೀಟಿಯೊಡನೆ, ಕೈಚೀಲದಲ್ಲೇ.
ತಿಂಡಿ ಏನಿದ್ದರೂ ಕಸ್ಟಮ್ಸ್‌ನವರಿಗೆ ಹೇಳಿ. ಮುಚ್ಚಿಟ್ಟರೆ ದಂಡ.

ಕರಿಬೇವು ಇಲ್ಲಿನ ಅಂಗಡಿಗಳಲ್ಲೇ ಸಿಗುತ್ತದೆ. ಆದರೂ ಸೆರಗಿನಲ್ಲಿ ಕಟ್ಟಿ ತರುವವರಿದ್ದಾರೆ.

ಕರೆದೊಯ್ಯಲು

ಸ್ವಯಂಸೇವಕರು ಬೇಕಿದ್ದರೆ ವಿಮಾನದ ಸಂಖ್ಯೆ, ಇಳಿಯುವ ದಿನಾಂಕ (ಇಲ್ಲಿನದು, ಅಲ್ಲಿನದಲ್ಲ), ಪೆಟ್ಟಿಗೆಗಳ ಲೆಕ್ಕ ಮೊದಲೇ ಬರೆದು ಕಳುಹಿಸಿ. ಇಳಿದ ಮೇಲೆ ಕರೆ ಮಾಡಿ "ಎಲ್ಲಿದ್ದೀರಿ?" ಎಂದರೆ ನಾವು ಬಹುಶಃ ಕಚೇರಿಯಲ್ಲಿರುತ್ತೇವೆ.